ಕಾರಿನ ಇಂಜಿನ್ ಅತಿಯಾಗಿ ಬಿಸಿಯಾಗುವುದು: ಕಾರಣ ಪತ್ತೆಯಿಂದ ದುರಸ್ತಿಯವರೆಗೆ

ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದೇನಲ್ಲ. ಆ ದಿನಗಳಲ್ಲಿ ಕಾರಿನ ಇಂಜಿನ್ ಬಿಸಿಯಾಗಿ ನಿಂತರೆ ಎಲ್ಲರೂ ಮೊದಲು ದೂರುವುದು ಬಿಸಿಲನ್ನೇ. ಆದರೆ ಕಾರು ತಯಾರಿಸುವವರು ಅದರ ತಣಿಸುವ ವ್ಯವಸ್ಥೆಯನ್ನು ನಮ್ಮ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿದೇ ರೂಪಿಸಿರುತ್ತಾರೆ. ಎಸಿ ಹಾಕಿಕೊಂಡು, ಐದು ಜನ ಕುಳಿತು, ನಡುಹಗಲಿನಲ್ಲಿ ಸೊಲ್ಲಾಪುರದಿಂದ ಹುಬ್ಬಳ್ಳಿಯವರೆಗೆ ಓಡಿಸಿದರೂ ಸುಸ್ಥಿತಿಯಲ್ಲಿರುವ ಕಾರಿನ ಉಷ್ಣಾಂಶ ತೋರಿಸುವ ಮುಳ್ಳು ತನ್ನ ಜಾಗ ಬಿಟ್ಟು ಕದಲಬಾರದು. ಮೇ ತಿಂಗಳಲ್ಲಿ ಬಿಸಿಯಾಗುವ ಕಾರಿನಲ್ಲಿ ದೋಷವು ಜನವರಿಯಲ್ಲಿಯೇ ಸೇರಿಕೊಂಡಿರುತ್ತದೆ, ಬಿಸಿಲು ಅದನ್ನು ಹೊರಗೆ ಹಾಕುತ್ತದೆ ಅಷ್ಟೆ.

ಈ ದೋಷವನ್ನು ಹುಡುಕುವಾಗ ನಮ್ಮಲ್ಲಿ ಆಗುವ ದೊಡ್ಡ ನಷ್ಟವೆಂದರೆ ಪರೀಕ್ಷೆ ಮಾಡದೆ ಭಾಗಗಳನ್ನು ಬದಲಿಸುತ್ತ ಹೋಗುವುದು. ಮೊದಲು ರೇಡಿಯೇಟರ್ (ಇಂಜಿನ್ನಿನ ಬಿಸಿನೀರನ್ನು ಗಾಳಿಯಿಂದ ತಣಿಸುವ ಭಾಗ), ಆಮೇಲೆ ಫ್ಯಾನ್, ಆಮೇಲೆ ವಾಟರ್ ಪಂಪ್ ಎಂದು ಸಾವಿರಾರು ರೂಪಾಯಿ ಖರ್ಚಾದ ಮೇಲೆ ಕೊನೆಗೆ ಕೆಲವೇ ನೂರು ರೂಪಾಯಿಯ ರೇಡಿಯೇಟರ್ ಕ್ಯಾಪ್‌ನಲ್ಲಿ ದೋಷವಿತ್ತು ಎಂದು ತಿಳಿಯುತ್ತದೆ. ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕರೆ ಈ ಹುಡುಕಾಟ ಬಹುಮಟ್ಟಿಗೆ ಮುಗಿದಂತೆಯೇ: ಕಾರು ಯಾವ ಸಂದರ್ಭದಲ್ಲಿ ಬಿಸಿಯಾಗುತ್ತದೆ, ಮತ್ತು ಕೂಲೆಂಟ್ (ಇಂಜಿನ್ನಿನೊಳಗೆ ಸುತ್ತಿ ಅದನ್ನು ತಣಿಸುವ ದ್ರವ; ಮುಂದೆ ಹಲವೆಡೆ ನೀರು ಎಂದದ್ದೂ ಇದನ್ನೇ) ಕಡಿಮೆಯಾಗುತ್ತಿದೆಯೇ ಇಲ್ಲವೇ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಈ ಎರಡಕ್ಕೂ ಉತ್ತರ ಕಂಡುಕೊಳ್ಳಬೇಕು.

ದಾರಿಯಲ್ಲಿ ಬಿಸಿಯಾದರೆ ಮೊದಲು ಮಾಡಬೇಕಾದದ್ದು

ಉಷ್ಣಾಂಶದ ಮುಳ್ಳು ನಡುವಿನಿಂದ ಮೇಲಕ್ಕೆ ಏರತೊಡಗಿದೆ, ಆದರೆ ಹಬೆ ಬಂದಿಲ್ಲ, ಕೆಂಪು ದೀಪ ಹತ್ತಿಲ್ಲ ಎಂದಾದರೆ ಎಸಿಯನ್ನು ಬಂದ್ ಮಾಡಿ, ಕಿಟಕಿಗಳನ್ನು ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರನ್ನು ಜೋರಾಗಿ ಬಿಡಬೇಕು. ಬೇಸಿಗೆಯಲ್ಲಿ ಹೀಟರ್ ಹಾಕುವುದು ವಿಚಿತ್ರವೆನಿಸಬಹುದು. ಆದರೆ ಹೀಟರಿನೊಳಗೆ ಇರುವುದು ಇನ್ನೊಂದು ಚಿಕ್ಕ ರೇಡಿಯೇಟರೇ ಆದ್ದರಿಂದ ಇಂಜಿನ್ನಿನ ಶಾಖದ ಒಂದಷ್ಟು ಪಾಲು ಅದರ ಮೂಲಕ ಹೊರಬೀಳುತ್ತದೆ ಮತ್ತು ಸುರಕ್ಷಿತವಾಗಿ ನಿಲ್ಲಿಸುವ ಜಾಗದವರೆಗೆ ಹೋಗಲು ಸಮಯ ಸಿಗುತ್ತದೆ. ಬ್ಲೋವರಿನಿಂದ ಬಿಸಿಗಾಳಿಯ ಬದಲು ತಣ್ಣನೆಯ ಗಾಳಿ ಬಂದರೆ ಇಂಜಿನ್ನಿನಲ್ಲಿ ನೀರು ತೀರ ಕಡಿಮೆಯಾಗಿದೆ ಅಥವಾ ನೀರು ತಿರುಗುತ್ತಿಲ್ಲ ಎಂದರ್ಥ. ಆಗ ಒಂದು ಫರ್ಲಾಂಗು ಕೂಡ ಮುಂದೆ ಹೋಗಬಾರದು.

ಕೆಂಪು ದೀಪ ಹತ್ತಿದರೆ, ಬಾನೆಟ್ಟಿನಿಂದ ಹಬೆ ಎದ್ದರೆ, ಅಥವಾ ಮೇಲೇರಿದ್ದ ಮುಳ್ಳು ಒಮ್ಮೆಲೇ ಕೆಳಗೆ ಬಿದ್ದರೆ ಗಾಡಿಯನ್ನು ಬದಿಗೆ ತಂದು ಇಂಜಿನ್ನನ್ನು ತಕ್ಷಣ ಬಂದ್ ಮಾಡಬೇಕು. ಮುಳ್ಳು ಕೆಳಗೆ ಬಿದ್ದುದನ್ನು ನೋಡಿ ಇಂಜಿನ್ ತಣ್ಣಗಾಯಿತೆಂದು ತಿಳಿದು ಓಡಿಸಿದವರ ಇಂಜಿನ್ ಹೆಡ್ಡುಗಳೇ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ) ಹೆಚ್ಚಾಗಿ ಸೊಟ್ಟಗಾಗುತ್ತವೆ. ಉಷ್ಣಾಂಶ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದಾಗ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ನೀರಿನ ಮಟ್ಟ ಅದಕ್ಕಿಂತ ಕೆಳಗಿಳಿದರೆ ಇಂಜಿನ್ ಉರಿಯುತ್ತಿದ್ದರೂ ಅದು ಸುಳ್ಳು ಹೇಳಬಹುದು.

ಬಿಸಿ ಇರುವಾಗ ರೇಡಿಯೇಟರ್ ಕ್ಯಾಪನ್ನು ಯಾವ ಕಾರಣಕ್ಕೂ ತಿರುವಬಾರದು. ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿಗಿಂತ ಹೆಚ್ಚು ಕಾದಿದ್ದರೂ ಕುದಿಯದೆ ನಿಂತಿರುತ್ತದೆ, ಕ್ಯಾಪ್ ಸಡಿಲಾದ ಗಳಿಗೆಯಲ್ಲಿ ಹಬೆಯಾಗಿ ಮುಖಕ್ಕೆ, ಕೈಗೆ ಚಿಮ್ಮುತ್ತದೆ. ರೇಡಿಯೇಟರಿನ ಮೇಲೆ ಕ್ಯಾಪ್ ಇಲ್ಲದೆ ಪ್ಲಾಸ್ಟಿಕ್ ಟ್ಯಾಂಕಿಗೇ ಒತ್ತಡದ ಮುಚ್ಚಳವಿರುವ ಕಾರುಗಳಲ್ಲಿಯೂ ಅಪಾಯ ಇಷ್ಟೇ. ಬಾನೆಟ್ ತೆರೆದು ಕನಿಷ್ಠ ಮುಕ್ಕಾಲು ಗಂಟೆ ಬಿಡಬೇಕು. ಮೇಲಿನ ದಪ್ಪ ಹೋಸ್ ಪೈಪನ್ನು ಮುಟ್ಟಿ ಹಿಸುಕಿದಾಗ ಅದು ಬಿರುಸಾಗಿರದೆ ಮೆತ್ತಗೆ ಒಳಸರಿಯುವಂತಾದ ಮೇಲೆ, ದಪ್ಪ ಬಟ್ಟೆ ಹಿಡಿದು ಕ್ಯಾಪನ್ನು ಮೊದಲ ಹಂತದವರೆಗೆ ಮಾತ್ರ ತಿರುವಿ, ಉಳಿದ ಒತ್ತಡ ಹೋದ ನಂತರ ತೆಗೆಯಬೇಕು. ಇಂಜಿನ್ನಿನ ಮೇಲೆ ಕೊಡಗಟ್ಟಲೆ ನೀರು ಸುರಿಯುವುದು, ಕಾದ ಇಂಜಿನ್ನಿನೊಳಗೆ ತಣ್ಣೀರನ್ನು ಒಮ್ಮೆಲೇ ಹೊಯ್ಯುವುದು, ಎರಡೂ ಹೆಡ್ಡು ಬಿರುಕು ಬಿಡಲು ದಾರಿ. ಇಂಜಿನ್ ತಣಿದ ಮೇಲೆ ಕುಡಿಯುವ ನೀರನ್ನು ನಿಧಾನವಾಗಿ ತುಂಬಿ ಹತ್ತಿರದ ಗ್ಯಾರೇಜಿನವರೆಗೆ ಹೋಗಬಹುದು. ಅದನ್ನು ದುರಸ್ತಿಯೆಂದು ಭಾವಿಸಬಾರದು.

ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಗಮನಿಸಿ

ಹೆದ್ದಾರಿಯಲ್ಲಿ ಸರಿಯಾಗಿದ್ದು, ನಿಧಾನವಾಗಿ ಹೋಗುವಾಗ ಅಥವಾ ನಿಂತಾಗ ಮಾತ್ರ ಬಿಸಿಯಾಗುವ ಕಾರಿನಲ್ಲಿ ಮೊದಲ ಅನುಮಾನ ಫ್ಯಾನಿನ ಮೇಲೆ. ವೇಗವಾಗಿ ಓಡುವಾಗ ಎದುರಿನ ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸವೆಲ್ಲ ಫ್ಯಾನಿನದು. ಮುಧೋಳ, ಜಮಖಂಡಿ ಕಡೆ ಕಾರ್ಖಾನೆಯ ಹಂಗಾಮಿನಲ್ಲಿ ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರಿನ ಹಿಂದೆ ಎರಡನೇ ಗೇರಿನಲ್ಲಿ ಬಹಳ ಹೊತ್ತು ಸಾಗುವ ಕಾರಿನ ಸ್ಥಿತಿಯೂ ನಿಂತ ಕಾರಿನದೇ. ಅಂಥಲ್ಲಿ ಮುಳ್ಳು ಏರಿ, ಟ್ರ್ಯಾಕ್ಟರನ್ನು ದಾಟಿ ವೇಗ ಹಿಡಿದ ಕೂಡಲೇ ಇಳಿದರೆ ಫ್ಯಾನಿನ ಪರೀಕ್ಷೆಯಿಂದ ಪ್ರಾರಂಭಿಸಿ.

ಇದಕ್ಕೆ ವಿರುದ್ಧವಾಗಿ ಊರೊಳಗೆ ಸರಿಯಾಗಿದ್ದು, ವೇಗ ಹೆಚ್ಚಿದಾಗ ಅಥವಾ ಬೆಳಗಾವಿಯತ್ತ ಬರುವಾಗ ವಂಟಮುರಿ ಘಾಟು, ಗೋವಾದಿಂದ ಹತ್ತುವಾಗ ಚೋರ್ಲಾ ಘಾಟಿನಂಥ ಏರಿನಲ್ಲಿ ಬಿಸಿಯಾದರೆ ಗಾಳಿಯ ಕೊರತೆಗಿಂತ ನೀರಿನ ಹರಿವಿನ ಕೊರತೆ ಹೆಚ್ಚು ಸಂಭವನೀಯ. ಒಳಗೆ ಕಟ್ಟಿಕೊಂಡ ರೇಡಿಯೇಟರ್, ಸವೆದ ವಾಟರ್ ಪಂಪ್, ಅರ್ಧ ಮಾತ್ರ ತೆರೆಯುವ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಇವುಗಳಲ್ಲಿ ಒಂದನ್ನು ಹುಡುಕಬೇಕು. ಇಂಜಿನ್ ಶುರು ಮಾಡಿ ಐದು–ಹತ್ತು ನಿಮಿಷದಲ್ಲೇ ಮುಳ್ಳು ಕೆಂಪಿಗೆ ಹೋದರೆ ಥರ್ಮೋಸ್ಟಾಟ್ ಮುಚ್ಚಿಯೇ ಉಳಿದಿರಬಹುದು, ನೀರು ಖಾಲಿಯಾಗಿರಬಹುದು, ಒಳಗೆ ಗಾಳಿ ಸೇರಿರಬಹುದು, ಇಲ್ಲವೇ ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಎಸಿ ಹಾಕಿದಾಗ ಮಾತ್ರ ಬಿಸಿಯಾಗುವ ಕಾರಿನಲ್ಲಿ ರೇಡಿಯೇಟರಿನ ಮುಂದಿರುವ ಎಸಿ ಕಂಡೆನ್ಸರನ್ನು (ಎಸಿಯ ಶಾಖವನ್ನು ಹೊರಹಾಕುವ ಭಾಗ) ಮೊದಲು ನೋಡಿ.

ಕೆಲವು ಕಾರುಗಳಲ್ಲಿ ಮುಳ್ಳಿನ ಬದಲು ಬರೀ ದೀಪವಿರುತ್ತದೆ. ಅಂಥವರು ಓಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರಿನಿಂದ ದೋಷಗಳನ್ನು ಓದುವ ಕಿಂಡಿ) ಚುಚ್ಚುವ ಬ್ಲೂಟೂತ್ ಸ್ಕ್ಯಾನರನ್ನು ಕೊಂಡು ಮೊಬೈಲಿನಲ್ಲಿ ಕೂಲೆಂಟ್ ಉಷ್ಣಾಂಶವನ್ನು ಅಂಕಿಯಲ್ಲಿ ನೋಡುವುದು ಒಳ್ಳೆಯದು, ಏಕೆಂದರೆ ಕೆಂಪು ದೀಪ ಹತ್ತುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಹೆಚ್ಚಿನ ಪೆಟ್ರೋಲ್ ಕಾರುಗಳು 85 ರಿಂದ 100 ಡಿಗ್ರಿಯ ನಡುವೆ ಓಡುತ್ತವೆ. ಸ್ಕ್ಯಾನರ್ 90 ತೋರಿಸುತ್ತಿದ್ದು ಮುಳ್ಳು ಮಾತ್ರ ಕೆಂಪಿನಲ್ಲಿದ್ದರೆ ಇಂಜಿನ್ನಿಗಿಂತ ಮೊದಲು ಮೀಟರನ್ನೂ ಸೆನ್ಸರನ್ನೂ ಪರೀಕ್ಷಿಸಬೇಕು. ಸ್ಕ್ಯಾನರಿನಲ್ಲಿ ಪಿ0128 ಎಂಬ ದೋಷದ ಕೋಡ್ ಕಂಡರೆ ಇಂಜಿನ್ ಸಾಕಷ್ಟು ಬಿಸಿಯೇ ಆಗುತ್ತಿಲ್ಲವೆಂದೂ, ಪಿ0217 ಕಂಡರೆ ಮಿತಿ ಮೀರಿ ಬಿಸಿಯಾಗಿದೆಯೆಂದೂ, ಪಿ0117 ಅಥವಾ ಪಿ0118 ಕಂಡರೆ ಸೆನ್ಸರಿನ ಸರ್ಕಿಟ್‌ನಲ್ಲಿ ದೋಷವಿದೆಯೆಂದೂ ತಿಳಿಯಬೇಕು.

ನೀರು ಎಲ್ಲಿ ಹೋಗುತ್ತಿದೆ

ಮುಚ್ಚಿದ ವ್ಯವಸ್ಥೆಯಲ್ಲಿ ಕೂಲೆಂಟ್ ತಾನಾಗಿ ಖರ್ಚಾಗುವುದಿಲ್ಲ. ವಾರಕ್ಕೊಮ್ಮೆ ಅರ್ಧ ಲೀಟರ್ ಹಾಕಬೇಕಾಗಿ ಬಂದರೆ ಅದು ಎಲ್ಲಿಯೋ ಹೊರಹೋಗುತ್ತಿದೆ. ಬೆಳಿಗ್ಗೆ ನೀರು ಹೊಯ್ದುಕೊಂಡು ಹೊರಡುವ ರೂಢಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ ಅದನ್ನು ದೋಷವೆಂದೇ ಯಾರೂ ಎಣಿಸುವುದಿಲ್ಲ. ಈ ರೂಢಿಯನ್ನು ಬಿಡುವುದು ಇಂಜಿನ್ನಿಗೆ ಮಾಡಬಹುದಾದ ಮೊದಲ ಉಪಕಾರ.

ತಣ್ಣಗಿರುವ ಇಂಜಿನ್ನಿನಲ್ಲಿ ಟಾರ್ಚ್ ಹಿಡಿದು ಹುಡುಕಬೇಕು. ಸೋರಿದ ನೀರು ಬಿಸಿಗೆ ಆರಿಹೋಗುವುದರಿಂದ ಒದ್ದೆಯನ್ನು ಹುಡುಕಿದರೆ ಸಿಗದಿರಬಹುದು, ಅದು ಬಿಟ್ಟುಹೋದ ಕಲೆಯನ್ನು ಹುಡುಕಬೇಕು: ಹೋಸ್ ಪೈಪಿನ ಕ್ಲಾಂಪುಗಳ ಸುತ್ತ, ರೇಡಿಯೇಟರಿನ ಅಲ್ಯೂಮಿನಿಯಂ ಭಾಗವೂ ಪ್ಲಾಸ್ಟಿಕ್ ತೊಟ್ಟಿಯೂ ಕೂಡುವ ಅಂಚಿನಲ್ಲಿ, ವಾಟರ್ ಪಂಪಿನ ಕೆಳಗೆ ಹಸಿರು, ಕೆಂಪು ಅಥವಾ ಬಿಳಿಯ ಒಣ ಗೆರೆಗಳು ಇಳಿದಿರುತ್ತವೆ. ಮುಂದಿನ ಎಡಸೀಟಿನ ಕಾಲಡಿಯ ಕಾರ್ಪೆಟ್ ಅಂಟಂಟಾಗಿ ಒದ್ದೆಯಾಗಿದ್ದು, ಸಿಹಿ ವಾಸನೆ ಬರುತ್ತಿದ್ದು, ಮುಂದಿನ ಗಾಜಿಗೆ ಮಂಜಿನಂತೆ ಪೊರೆ ಕಟ್ಟುತ್ತಿದ್ದರೆ ಸೋರಿಕೆ ಹೀಟರಿನಲ್ಲಿದೆ. ಎಸಿಯಿಂದ ಕೆಳಗೆ ತೊಟ್ಟಿಕ್ಕುವ ನೀರನ್ನು ಇದರೊಂದಿಗೆ ಬೆರೆಸಬೇಡಿ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಬೆರಳಿಗೆ ಅಂಟುವುದೂ ಇಲ್ಲ.

ಕಣ್ಣಿಗೆ ಕಾಣದ ಸೋರಿಕೆಗೆ ಗ್ಯಾರೇಜಿನಲ್ಲಿ ಒತ್ತಡದ ಪರೀಕ್ಷೆ ಮಾಡಿಸಬೇಕು. ಕ್ಯಾಪಿನ ಜಾಗದಲ್ಲಿ ಕೈಪಂಪು ಕೂರಿಸಿ, ಕ್ಯಾಪಿನ ಮೇಲೆ ಬರೆದಿರುವಷ್ಟು ಒತ್ತಡವನ್ನು ತುಂಬಿ ಹತ್ತು ನಿಮಿಷ ಬಿಟ್ಟರೆ ಪಂಪಿನ ಒತ್ತಡದ ಮುಳ್ಳು ಇಳಿಯಬಾರದು. ಇಳಿದರೂ ಹೊರಗೆ ಎಲ್ಲಿಯೂ ಹನಿ ಕಾಣದಿದ್ದರೆ ನೀರು ಇಂಜಿನ್ನಿನ ಒಳಗೇ ಹೋಗುತ್ತಿದೆ.

ಕ್ಯಾಪ್ ಚಿಕ್ಕದಾದರೂ ಅದರ ಕೆಲಸ ದೊಡ್ಡದು. ಬೆಳಗಾವಿಯಂಥ 750 ಮೀಟರಿಗೂ ಎತ್ತರದ ಊರಿನಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಒಳಗೇ ಕುದಿಯುತ್ತದೆ. ಸುಮಾರು 1 ಬಾರ್ ಒತ್ತಡವನ್ನು ಹಿಡಿದಿಡುವ ಕ್ಯಾಪ್ ಇದ್ದರೆ ಅದೇ ನೀರು ಹೆಚ್ಚುಕಡಿಮೆ 120 ಡಿಗ್ರಿಯವರೆಗೆ ಕುದಿಯುವುದಿಲ್ಲ, ಕೂಲೆಂಟ್ ಬೆರೆಸಿದ್ದರೆ ಇನ್ನೂ ಕೆಲವು ಡಿಗ್ರಿ ಮೇಲೆ ಹೋಗುತ್ತದೆ. ಕ್ಯಾಪಿನ ಸ್ಪ್ರಿಂಗ್ ಸೋತರೆ ಅಥವಾ ರಬ್ಬರ್ ಬಿರುಕು ಬಿಟ್ಟರೆ ಈ ರಕ್ಷಣೆಯೆಲ್ಲ ಹೋಗಿ, ಬೇರೆ ಯಾವ ದೋಷವೂ ಇಲ್ಲದ ಇಂಜಿನ್ ಕುದಿಯುತ್ತದೆ. ಕ್ಯಾಪಿನ ನಡುವೆ ಇನ್ನೊಂದು ಪುಟ್ಟ ಕವಾಟವಿದ್ದು, ಇಂಜಿನ್ ತಣಿಯುವಾಗ ರಿಸರ್ವ್ ಟ್ಯಾಂಕಿನಿಂದ ನೀರನ್ನು ಮರಳಿ ಎಳೆದುಕೊಳ್ಳುವುದು ಅದರ ಕೆಲಸ. ಮರುದಿನ ಬೆಳಿಗ್ಗೆ ಮೇಲಿನ ಹೋಸ್ ಪೈಪ್ ಚಪ್ಪಟೆಯಾಗಿ ಒಳಗೆಳೆದುಕೊಂಡಿದ್ದರೆ ಆ ಕವಾಟ ಅಂಟಿಕೊಂಡಿದೆ. ಕ್ಯಾಪ್ ಬದಲಿಸುವಾಗ ಅದರ ಮೇಲಿನ 0.9 ಅಥವಾ 1.1 ಎಂಬ ಅಂಕಿ ಹಳೆಯದರೊಂದಿಗೆ ಹೊಂದಬೇಕು. ಕೂರುತ್ತದೆ ಎಂಬ ಕಾರಣಕ್ಕೆ ಯಾವುದನ್ನೋ ಹಾಕಬಾರದು.

ಸೋರುವ ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವ ಉಪಾಯ ಹಳ್ಳಿಗಳಲ್ಲಿ ಇಂದಿಗೂ ಉಂಟು, ಅಂಗಡಿಯಲ್ಲಿ ಸಿಗುವ ಸೋರಿಕೆ ತಡೆಯುವ ಪುಡಿ, ದ್ರಾವಣಗಳೂ ಅದೇ ತತ್ವದವು. ರಾತ್ರಿ ಹೊತ್ತು ನಡುದಾರಿಯಲ್ಲಿ ಸಿಕ್ಕಿಬಿದ್ದವರು ಮನೆ ಮುಟ್ಟಲು ಅದನ್ನು ಬಳಸಿದರೆ ಆಕ್ಷೇಪವಿಲ್ಲ. ಆದರೆ ತೂತನ್ನು ಮುಚ್ಚುವ ಪುಡಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಹೀಟರನ್ನೂ ಮುಚ್ಚುತ್ತದೆ. ಮರುದಿನವೇ ಸೋರಿಕೆಯನ್ನು ದುರಸ್ತಿ ಮಾಡಿಸಿ ಒಳಗನ್ನು ತೊಳೆಸಬೇಕು.

ಫ್ಯಾನಿನ ಪರೀಕ್ಷೆ

ಕಾರನ್ನು ನಿಲ್ಲಿಸಿ ಇಂಜಿನ್ ಚಾಲೂ ಇಟ್ಟು ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿನಲ್ಲೇ ರೇಡಿಯೇಟರ್ ಫ್ಯಾನ್ ತಿರುಗಬೇಕು. ನಂತರ ಎಸಿ ಬಂದ್ ಮಾಡಿ ಇಂಜಿನ್ನನ್ನು ಹಾಗೆಯೇ ಓಡಲು ಬಿಟ್ಟರೆ ಉಷ್ಣಾಂಶ 95 ಡಿಗ್ರಿಯ ಆಸುಪಾಸಿಗೆ ಬಂದಾಗ ಫ್ಯಾನ್ ತಾನಾಗಿ ಶುರುವಾಗಿ, ಕೆಲವು ಡಿಗ್ರಿ ಇಳಿದ ಮೇಲೆ ನಿಲ್ಲಬೇಕು. ಎಸಿಗೆ ತಿರುಗಿ ಬಿಸಿಗೆ ತಿರುಗದಿದ್ದರೆ ಮೋಟರ್ ಸರಿಯಿದೆ, ದೋಷವಿರುವುದು ಸೆನ್ಸರ್ ಅಥವಾ ರಿಲೇಯಲ್ಲಿ. ಯಾವುದಕ್ಕೂ ತಿರುಗದಿದ್ದರೆ ಫ್ಯೂಸನ್ನು ತೆಗೆದು ನೋಡಿ, ರಿಲೇಯನ್ನು ಅದೇ ನಮೂನೆಯ ಮತ್ತೊಂದು ರಿಲೇಯೊಂದಿಗೆ ಅದಲುಬದಲು ಮಾಡಿ ನೋಡಿ, ಕೊನೆಗೆ ಮೋಟರಿನ ಪ್ಲಗ್ ಬಿಚ್ಚಿ ಫ್ಯೂಸ್ ಇರುವ ವೈರಿನಿಂದ ಬ್ಯಾಟರಿಯ 12 ವೋಲ್ಟನ್ನು ನೇರವಾಗಿ ಕೊಟ್ಟು ನೋಡಿ. ಆಗಲೂ ತಿರುಗದ ಅಥವಾ ತಟ್ಟಿದರೆ ಮಾತ್ರ ತಿರುಗುವ ಮೋಟರಿನ ಕಾರ್ಬನ್ ಬ್ರಶ್ ಸವೆದಿರುತ್ತದೆ. ಇಂಜಿನ್ ಬಂದ್ ಇದ್ದರೂ ಫ್ಯಾನ್ ಒಮ್ಮೆಲೇ ತಿರುಗಬಹುದಾದ್ದರಿಂದ ಬೆರಳು, ಸೆರಗು, ಟವೆಲ್ ಹತ್ತಿರ ಸುಳಿಯಬಾರದು.

ಫ್ಯಾನ್ ತಿರುಗುತ್ತಿದೆ ಎಂದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ಮೋಟರ್ ಬದಲಿಸುವಾಗ ಎರಡು ವೈರುಗಳು ಅದಲುಬದಲಾದರೆ ಫ್ಯಾನ್ ಹಿಮ್ಮುಖವಾಗಿ ತಿರುಗಿ, ಓಡುವಾಗ ಎದುರಿನಿಂದ ಬರುವ ಗಾಳಿಯ ಜೊತೆ ಗುದ್ದಾಡುತ್ತದೆ. ತಿಳಿಯುವುದು ಸುಲಭ: ಒಂದು ಹಾಳೆ ದಿನಪತ್ರಿಕೆಯನ್ನು ಮುಂದಿನ ಜಾಲರಿಯ ಬಳಿ ಹಿಡಿದರೆ ಅದು ಜಾಲರಿಗೆ ಅಂಟಿಕೊಳ್ಳಬೇಕು. ಹೊರಗೆ ತಳ್ಳಿದರೆ ಸಂಪರ್ಕ ತಿರುವುಮುರುವಾಗಿದೆ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೂ ಅಥವಾ ಯಾರಾದರೂ ತೆಗೆದು ಹಾಕಿದ್ದರೂ ಗಾಳಿ ರೇಡಿಯೇಟರಿನ ಮೂಲಕ ಹಾಯದೆ ಬದಿಯಿಂದ ಸುತ್ತಿ ಬರುತ್ತದೆ. ಫ್ಯಾನನ್ನು ಇಂಜಿನ್ನೇ ತಿರುಗಿಸುವ ಜೀಪು, ಪಿಕಪ್ ಮಾದರಿಯ ಕೆಲವು ವಾಹನಗಳಲ್ಲಿ ನಡುವೆ ವಿಸ್ಕಸ್ ಕ್ಲಚ್ (ಬಿಸಿಯಾದಾಗ ಫ್ಯಾನನ್ನು ಬಿಗಿಹಿಡಿಯುವ ಜೋಡಣೆ) ಇರುತ್ತದೆ. ಬಿಸಿ ಇಂಜಿನ್ನನ್ನು ಬಂದ್ ಮಾಡಿ ಫ್ಯಾನನ್ನು ಕೈಯಿಂದ ತಿರುವಿದಾಗ ಅದು ಬಿಗಿಯಾಗಿರಬೇಕು, ಸರಾಗವಾಗಿ ಹಲವು ಸುತ್ತು ತಿರುಗಿದರೆ ಕ್ಲಚ್ ಹೋಗಿದೆ.

ಥರ್ಮೋಸ್ಟಾಟ್

ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಬರೀ ವಾಲ್ವ್ ಎನ್ನುತ್ತಾರೆ, ಮತ್ತು ಗಾಡಿ ಬಿಸಿಯಾದರೆ ಕೊಡುವ ಮೊದಲ ಸಲಹೆ “ವಾಲ್ವ್ ತಗದ ಒಗೀರಿ, ಗಾಡಿ ಥಂಡ ಓಡತೈತಿ” ಎಂಬುದು. ಈ ಸಲಹೆಯನ್ನು ಒಪ್ಪಬೇಡಿ. ವಾಲ್ವ್ ಇಲ್ಲದ ಇಂಜಿನ್ ಬೆಳಗಿನ ಹೊತ್ತು ಬೇಕಾದ ಬಿಸಿಗೆ ಬರುವುದೇ ಇಲ್ಲ. ಆಗ ಕಂಪ್ಯೂಟರ್ ಹೆಚ್ಚು ಇಂಧನ ಹಾಯಿಸುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್ ಕೆಸರಾಗುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಂತೂ ವಾಲ್ವ್ ತೆರೆದಾಗ ಅದರ ಹಿಂಭಾಗವು ರೇಡಿಯೇಟರನ್ನು ಬಿಟ್ಟು ನೀರು ಸುತ್ತುವ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವನ್ನೇ ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ ಸುತ್ತುತ್ತ ಇಂಜಿನ್ ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ.

ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರು ಕಾಯಿಸಿ, ಬಿಚ್ಚಿದ ವಾಲ್ವನ್ನು ತಳಕ್ಕೆ ತಾಗದಂತೆ ತಂತಿಯಿಂದ ಇಳಿಬಿಟ್ಟು, ಜೊತೆಗೆ ಥರ್ಮಾಮೀಟರ್ ಇಡಿ. ವಾಲ್ವಿನ ಅಂಚಿನಲ್ಲಿ 82 ಅಥವಾ 88 ಎಂಬಂಥ ಅಂಕಿ ಕೊರೆದಿರುತ್ತದೆ. ಆ ಉಷ್ಣಾಂಶದ ಹತ್ತಿರ ಅದು ತೆರೆಯಲು ಶುರುವಾಗಿ, ನೀರು ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆದುಕೊಳ್ಳಬೇಕು, ತಣಿಸಿದಾಗ ಪೂರ್ತಿ ಮುಚ್ಚಬೇಕು. ಹೊಸದನ್ನು ಕೂರಿಸುವಾಗ ಅಲ್ಲಾಡುವ ಪುಟ್ಟ ಪಿನ್ನು ಮೇಲ್ಗಡೆ ಬರಬೇಕು. ಸಿಕ್ಕಿಕೊಂಡ ಗಾಳಿ ಹೊರಹೋಗುವ ದಾರಿ ಅದು. ಓ ರಿಂಗ್ ಅಥವಾ ಗ್ಯಾಸ್ಕೆಟನ್ನೂ ಹೊಸದು ಹಾಕಿ.

ರೇಡಿಯೇಟರಿನ ಹೊರಗೆ ಮತ್ತು ಒಳಗೆ

ನಮ್ಮ ಭಾಗದ ಕಾರುಗಳ ಮಟ್ಟಿಗೆ ಹೆಚ್ಚು ಹೇಳಬೇಕಾದದ್ದು ಇಲ್ಲಿಯೇ ಇದೆ. ಜೋಳದ ರಾಶಿಯ ದಿನಗಳಲ್ಲಿ ಹಾರುವ ಹೊಟ್ಟು, ಕಬ್ಬಿನ ರವದಿಯ ಚೂರು, ಎರೆಹೊಲದ ದಾರಿಯ ಧೂಳು ಇವೆಲ್ಲ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಹೋಗಿ ಸೇರುತ್ತವೆ. ಮಳೆಯಲ್ಲಿ ಎರೆಮಣ್ಣು ಮೆತ್ತಿದರೆ ಒಣಗಿದ ಮೇಲೆ ಗಟ್ಟಿ ಹೆಂಟೆಯಾಗಿ ಕೂರುತ್ತದೆ. ಮುಂದಿನಿಂದ ನೋಡಿದವರಿಗೆ ಕಂಡೆನ್ಸರ್ ಶುಭ್ರವಾಗಿಯೇ ಕಾಣುತ್ತದೆ, ಕಸವಿರುವುದು ಅದರ ಹಿಂದೆ. ಆದ್ದರಿಂದ ಮೇಲಿನ ಪಟ್ಟಿಯ ಬೋಲ್ಟ್ ಬಿಚ್ಚಿ, ಆ ಸಂದಿಯೊಳಗೆ ಟಾರ್ಚ್ ಬಿಟ್ಟು ನೋಡಬೇಕು. ತೊಳೆಯುವಾಗ ನೀರನ್ನು ಇಂಜಿನ್ ಕಡೆಯಿಂದ ಹೊರಕ್ಕೆ ಹಾಯಿಸಬೇಕು, ಏಕೆಂದರೆ ಕಸ ಹೊಕ್ಕ ದಾರಿಯಿಂದಲೇ ಹೊರಬರಬೇಕು. ವಾಟರ್ ಸರ್ವಿಸ್ ಅಂಗಡಿಯ ಜೋರಾದ ಗನ್ ಹತ್ತಿರದಿಂದ ಬಿಟ್ಟರೆ ಕಾಗದದಷ್ಟು ತೆಳ್ಳಗಿನ ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ತೋಟಕ್ಕೆ ಬಿಡುವ ಪೈಪಿನ ಒತ್ತಡ ಸಾಕು. ಮಡಚಿದ ರೆಕ್ಕೆಗಳನ್ನು ಹಳೆಯ ಟೂತ್‌ಬ್ರಶ್ಶಿನ ಹಿಡಿಕೆಯಿಂದ ತಾಳ್ಮೆಯಿಂದ ನೆಟ್ಟಗೆ ಮಾಡಬಹುದು.

ಒಳಗಿನ ಶತ್ರು ಸವಳು ನೀರು. ವಿಜಯಪುರ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಗಡಸು. ಬಚ್ಚಲಿನ ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿಯ ಹಕ್ಕಳೆಯಂಥದೇ ಪದರು ರೇಡಿಯೇಟರಿನ ಕೊಳವೆಗಳಲ್ಲಿಯೂ ಇಂಜಿನ್ ಬ್ಲಾಕಿನ ನೀರಿನ ದಾರಿಗಳಲ್ಲಿಯೂ ಕಟ್ಟುತ್ತದೆ. ಹಂಡೆಯನ್ನು ತಿಕ್ಕಿ ತೆಗೆಯಬಹುದು, ಒಂದೆರಡು ಮಿಲಿಮೀಟರ್ ಅಗಲದ ಕೊಳವೆಯೊಳಗೆ ಕೈ ಹೋಗುವುದಿಲ್ಲ. ಆ ಪದರು ಲೋಹದಿಂದ ನೀರಿಗೆ, ನೀರಿನಿಂದ ಲೋಹಕ್ಕೆ ಶಾಖ ದಾಟುವುದನ್ನು ತಡೆಯುತ್ತದೆ, ಕೂಲೆಂಟಿನಲ್ಲಿರುವ ತುಕ್ಕು ತಡೆಯುವ ಅಂಶವನ್ನೂ ಗಡಸು ನೀರು ಬೇಗ ಹಾಳುಗೆಡಹುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಐದು ಲೀಟರ್ ಕ್ಯಾನು ಒಂದು ರೇಡಿಯೇಟರಿನ ಮುಂದೆ ಏನೂ ದುಬಾರಿಯಲ್ಲ.

ಕಟ್ಟಿಕೊಂಡಿದೆಯೇ ಎಂದು ತಿಳಿಯಲು ಕ್ಯಾಪ್ ತೆಗೆದು ಬಾಯಿಯೊಳಗೆ ನೋಡಿ: ಕೊಳವೆಗಳ ತುದಿಯಲ್ಲಿ ಬಿಳಿ ಅಥವಾ ಕಂದು ಹೊಪ್ಪಳಿಕೆ ಕಂಡರೆ ಉತ್ತರ ಸಿಕ್ಕಿತು. ಕ್ಯಾಪ್ ಇಲ್ಲದ ರೇಡಿಯೇಟರಿಗೆ ಇನ್ಫ್ರಾರೆಡ್ ಥರ್ಮಾಮೀಟರ್ ಗನ್ ಹಿಡಿಯಬೇಕು. ಇಂಜಿನ್ ಬಿಸಿಯಾಗಿ ವಾಲ್ವ್ ತೆರೆದ ಮೇಲೆ ನೀರು ಒಳಬರುವ ಬದಿಯಿಂದ ಹೊರಹೋಗುವ ಬದಿಯವರೆಗೆ ಉಷ್ಣಾಂಶ ಕ್ರಮವಾಗಿ ಇಳಿಯಬೇಕು. ನಡುವೆ ಎಲ್ಲಾದರೂ ಒಂದು ಪಟ್ಟಿ ತಣ್ಣಗೆ ಉಳಿದರೆ ಅಲ್ಲಿಯ ಕೊಳವೆಗಳಲ್ಲಿ ನೀರು ಹರಿಯುತ್ತಿಲ್ಲ. ಅಲ್ಪಸ್ವಲ್ಪ ಕಟ್ಟಿದ್ದರೆ ಕೆಮಿಕಲ್ ಹಾಕಿ ತೊಳೆದರೆ ಬಿಡುತ್ತದೆ. ಅರ್ಧದಷ್ಟು ತಣ್ಣಗಿದ್ದರೆ ಹೊಸ ರೇಡಿಯೇಟರ್ ಹಾಕಿಸುವುದೇ ಸರಿ. ಪ್ಲಾಸ್ಟಿಕ್ ತೊಟ್ಟಿಯ ಇಂದಿನ ರೇಡಿಯೇಟರುಗಳನ್ನು ಬಿಚ್ಚಿ ಮತ್ತೆ ಮಡಿಸಿ ಕೂರಿಸಿದ ದುರಸ್ತಿ ಹೆಚ್ಚು ದಿನ ಬಾಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ವಾಟರ್ ಪಂಪ್

ಪಂಪಿನ ಮೈಯಲ್ಲಿ, ಪುಲ್ಲಿಯ ಹಿಂದೆ, ಸೀಸದ ಕಡ್ಡಿ ಹೋಗುವಷ್ಟು ಒಂದು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ಹೋಗುವ ಬದಲು ಈ ರಂಧ್ರದಿಂದ ಹೊರಬರಲಿ ಎಂದು ಅದನ್ನು ಇಟ್ಟಿರುತ್ತಾರೆ. ಅಲ್ಲಿಂದ ಕೆಳಗೆ ಬಣ್ಣದ ಗೆರೆ ಇಳಿದಿದ್ದರೆ ಪಂಪಿನ ಆಯುಷ್ಯ ಮುಗಿದಿದೆ. ಆ ರಂಧ್ರವನ್ನು ಎಂ ಸೀಲ್ ಹಚ್ಚಿ ಮುಚ್ಚುವುದು ಬೇರಿಂಗನ್ನು ಕೊಲ್ಲುವ ಕೆಲಸ. ಪುಲ್ಲಿಯನ್ನು ಹಿಡಿದು ಅಲುಗಿಸಿದಾಗ ಆಟ ಕಂಡರೂ, ಓಡುವಾಗ ಗರಗರ ಸದ್ದು ಬಂದರೂ ಬದಲಿಸಬೇಕು. ಹೊರಗೆ ಯಾವ ಲಕ್ಷಣವೂ ಇಲ್ಲದೆ ಒಳಗಿನ ರೆಕ್ಕೆ ತುಕ್ಕು ತಿಂದು ಕರಗಿರುವುದೂ, ಪ್ಲಾಸ್ಟಿಕ್ ರೆಕ್ಕೆ ಶಾಫ್ಟಿನ ಮೇಲೆ ಸಡಿಲಾಗಿರುವುದೂ ಉಂಟು. ಟೈಮಿಂಗ್ ಬೆಲ್ಟಿನಿಂದ ತಿರುಗುವ ಪಂಪಾದರೆ ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸಿ, ಬಿಚ್ಚುವ ಕೂಲಿ ಒಮ್ಮೆ ಮಾತ್ರ ಬೀಳುತ್ತದೆ. ಹೊರಗಿನ ಬೆಲ್ಟಿನಿಂದ ತಿರುಗುವುದಾದರೆ ಬೆಲ್ಟ್ ಬಿರುಕು ಬಿಟ್ಟಿದೆಯೇ, ಸಡಿಲಾಗಿದೆಯೇ ನೋಡಿ.

ಹೆಡ್ ಗ್ಯಾಸ್ಕೆಟ್

ಈ ಹೆಸರು ಕೇಳಿದರೆ ಮಾಲೀಕರು ಹೆದರುತ್ತಾರೆ, ಹೆದರಿದವರಿಗೆ ಪರೀಕ್ಷೆಯಿಲ್ಲದೆ ಇಂಜಿನ್ ಬಿಚ್ಚಿಸುವುದೂ ಸುಲಭ. ಆದ್ದರಿಂದ ಗುರುತುಗಳನ್ನು ನೀವೇ ತಿಳಿದಿರಬೇಕು. ಬೆಳಿಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು ಇಂಜಿನ್ ಶುರು ಮಾಡಿದಾಗ ನೀರಿನಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ, ಶುರು ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಬಿರುಸಾದರೆ, ಆಯಿಲ್ ಮುಚ್ಚಳದೊಳಗೂ ಡಿಪ್‌ಸ್ಟಿಕ್ಕಿನ ಮೇಲೂ ಹಾಲು ಬೆರೆತ ಚಹಾದ ಬಣ್ಣದ ನೊರೆ ಇದ್ದರೆ, ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ತುಸು ಹೊತ್ತು ಕಾಣುವ ಬಿಳಿ ಹಬೆಗೆ ಗಾಬರಿಯಾಗಬೇಕಿಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಇಜಿಆರ್ ಕೂಲರ್ (ಇಂಜಿನ್ನಿಗೆ ಮರಳಿ ಬಿಡುವ ಹೊಗೆಯನ್ನು ತಣಿಸುವ ಭಾಗ) ಒಳಗೆ ಸೋರಿದರೂ ಇಂಥದೇ ಬಿಳಿ ಹೊಗೆ ಬರುತ್ತದೆ, ಆದ್ದರಿಂದ ಹೆಡ್ಡು ಬಿಚ್ಚುವ ಮುಂಚೆ ಅದನ್ನೂ ಪರೀಕ್ಷಿಸಲು ಹೇಳಿ.

ರೇಡಿಯೇಟರಿನ ಬಾಯಿಗೆ ನೀಲಿ ದ್ರವವಿರುವ ಕೊಳವೆಯನ್ನು ಇಟ್ಟು ಮಾಡುವ ಪರೀಕ್ಷೆ ಹೆಚ್ಚು ನಂಬಲರ್ಹ: ಸಿಲಿಂಡರಿನ ಸುಟ್ಟ ಗಾಳಿ ನೀರಿಗೆ ಸೇರುತ್ತಿದ್ದರೆ ಆ ದ್ರವ ಹಳದಿಗೆ ತಿರುಗುತ್ತದೆ. ಈ ಪರೀಕ್ಷೆಯಿಲ್ಲದೆ ಹೆಡ್ಡು ಬಿಚ್ಚಲು ಒಪ್ಪಬೇಡಿ. ಬಿಚ್ಚಿದ ಮೇಲೆ ಗ್ಯಾಸ್ಕೆಟ್ ಮಾತ್ರ ಬದಲಿಸಿ ಮುಚ್ಚಿದರೆ ಕೆಲಸ ಮತ್ತೆ ಕೆಡುತ್ತದೆ. ಅಲ್ಯೂಮಿನಿಯಂ ಹೆಡ್ಡಿನ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ಪಟ್ಟಿಗಳು) ಅಳೆಯಬೇಕು, ಅನೇಕ ಇಂಜಿನ್ನುಗಳಲ್ಲಿ ಒಪ್ಪಬಹುದಾದ ಓರೆ 0.05 ಮಿಲಿಮೀಟರಿನ ಆಸುಪಾಸು. ಅದನ್ನು ಮೀರಿದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿ (ಮೈಯನ್ನು ಸಮ ಮಾಡಿಸಿ), ಬಿರುಕಿಗಾಗಿ ಒತ್ತಡದ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ಒಮ್ಮೆ ಬಿಗಿದರೆ ಉದ್ದವಾಗುವ ನಮೂನೆಯ ಬೋಲ್ಟುಗಳಾದರೆ ಹೊಸವನ್ನೇ ಹಾಕಿ, ಕಂಪನಿ ಹೇಳಿದ ಕ್ರಮದಲ್ಲಿ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಟಾರ್ಕ್ ರೆಂಚಿನಿಂದ ಹಂತಹಂತವಾಗಿ ಬಿಗಿಯಬೇಕು. ಅಂದಾಜಿನಿಂದ ಬಿಗಿಯುವ ಕೈಗೆ, ಅದು ಎಷ್ಟೇ ಪಳಗಿದ ಕೈಯಾದರೂ, ಈ ಕೆಲಸವನ್ನು ಕೊಡಬೇಡಿ.

ಮೇಲಿನ ಎಲ್ಲವೂ ಸರಿಯಿದ್ದೂ ಬಿಸಿಯಾದರೆ ಹಿಡಿದುಕೊಂಡಿರುವ ಬ್ರೇಕು, ಜಾರುವ ಕ್ಲಚ್ಚು, ಕಟ್ಟಿಕೊಂಡ ಸೈಲೆನ್ಸರ್, ಕಡಿಮೆಯಾದ ಇಂಜಿನ್ ಆಯಿಲ್ ಇವುಗಳತ್ತ ಗಮನ ಹರಿಸಬೇಕು.

ತೊಳೆದು ಕೂಲೆಂಟ್ ತುಂಬುವ ಕ್ರಮ

ಇಂಜಿನ್ ಪೂರ್ತಿ ತಣಿದ ಮೇಲೆ ಕೆಳಗಿನ ಪ್ಲಗ್ ಅಥವಾ ಕೆಳಹೋಸನ್ನು ಬಿಚ್ಚಿ ಹಳೆಯದನ್ನು ಅಗಲ ಬುಟ್ಟಿಗೆ ಇಳಿಸಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿಯಲ್ಲಿ ಸಿಹಿ. ಅಂಗಳದಲ್ಲಿ ಚೆಲ್ಲಿದರೆ ನಾಯಿ, ಕರು, ಮಕ್ಕಳು ಬಾಯಿ ಹಾಕುವ ಅಪಾಯವಿದೆ. ಡಬ್ಬಿಯಲ್ಲಿ ಮುಚ್ಚಿ ಗ್ಯಾರೇಜಿಗೆ ಒಪ್ಪಿಸಿ. ಬಳಿಕ ಡಿಸ್ಟಿಲ್ಡ್ ನೀರನ್ನೂ ಫ್ಲಶ್ ದ್ರವವನ್ನೂ ತುಂಬಿ, ಹೀಟರ್ ತೆರೆದಿಟ್ಟು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಇಂಜಿನ್ ಓಡಿಸಿ, ತಣಿಸಿ, ಇಳಿಸಿ. ಹೊರಬರುವ ನೀರು ತಿಳಿಯಾಗುವವರೆಗೆ ಬರೀ ನೀರಿನಿಂದ ಪುನರಾವರ್ತಿಸಬೇಕು.

ಸಣ್ಣ ಕಾರುಗಳ ವ್ಯವಸ್ಥೆ ಹೆಚ್ಚಾಗಿ 4 ರಿಂದ 6 ಲೀಟರ್ ಹಿಡಿಯುತ್ತದೆ. ನಿಮ್ಮ ಕಾರಿನ ಅಳತೆ ಕೈಪಿಡಿಯಲ್ಲಿದೆ. ಎಷ್ಟೇ ಇಳಿಸಿದರೂ ಬ್ಲಾಕಿನೊಳಗೆ ನೀರು ಉಳಿಯುವುದರಿಂದ ಮೊದಲೇ ಬೆರೆಸಿದ ಕೂಲೆಂಟನ್ನು ಹೊಯ್ದರೆ ಅದು ತೆಳ್ಳಗಾಗುತ್ತದೆ. ಆದ್ದರಿಂದ ತೊಳೆದ ಮೇಲೆ ಗಟ್ಟಿ (ನೀರು ಬೆರೆಸದ) ಕೂಲೆಂಟನ್ನು ಒಟ್ಟು ಅಳತೆಯ ಅರ್ಧದಷ್ಟು ಮೊದಲು ಹಾಕಿ, ಉಳಿದುದನ್ನು ಡಿಸ್ಟಿಲ್ಡ್ ನೀರಿನಿಂದ ತುಂಬುವುದು ಸರಿಯಾದ ಕ್ರಮ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಕೂಲೆಂಟ್ ಏಕೆ ಬೇಕು ಎಂದು ಕೇಳುವವರಿದ್ದಾರೆ. ಕುದಿಯುವ ಮಟ್ಟವನ್ನು ಏರಿಸುವುದು, ಅಲ್ಯೂಮಿನಿಯಮ್ಮಿಗೆ ತುಕ್ಕು ಹಿಡಿಯದಂತೆ ಕಾಯುವುದು, ಪಂಪಿನ ಸೀಲನ್ನು ನಯವಾಗಿಡುವುದು ಈ ಮೂರೂ ಬರೀ ನೀರಿನಿಂದ ಆಗುವುದಿಲ್ಲ. ಹಾಗೆಂದು ನೀರಿಲ್ಲದೆ ಗಟ್ಟಿ ಕೂಲೆಂಟನ್ನೇ ತುಂಬಿದರೆ ತಣಿಸುವ ಶಕ್ತಿ ಕುಗ್ಗುತ್ತದೆ, ಏಕೆಂದರೆ ಶಾಖವನ್ನು ಹೊತ್ತೊಯ್ಯುವುದರಲ್ಲಿ ನೀರೇ ಮೇಲು. ಬಣ್ಣ ನೋಡಿ ಕೂಲೆಂಟ್ ಆರಿಸಬೇಡಿ, ಒಂದೇ ಬಣ್ಣದಲ್ಲಿ ಬೇರೆಬೇರೆ ರಸಾಯನಗಳು ಬರುತ್ತವೆ. ಕೈಪಿಡಿಯ ನಮೂನೆಯನ್ನೇ ಕೇಳಿ.

ತುಂಬಿದ ಮೇಲೆ ಗಾಳಿ ತೆಗೆಯುವುದನ್ನು ಅವಸರದಲ್ಲಿ ಬಿಟ್ಟರೆ ಎಲ್ಲ ದುರಸ್ತಿಯೂ ವ್ಯರ್ಥವಾಗುತ್ತದೆ. ಕಾರಿನ ಮುಂಭಾಗ ಮೇಲಿರುವಂತೆ ತುಸು ಏರಿನಲ್ಲಿ ನಿಲ್ಲಿಸಿ, ಕ್ಯಾಪ್ ತೆಗೆದಿಟ್ಟು, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಇಂಜಿನ್ ಶುರು ಮಾಡಿ. ಗಾಳಿ ತೆಗೆಯುವ ತಿರುಪು ಇದ್ದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದಾಗ ಬಿಗಿಯಿರಿ. ಮೇಲಿನ ಹೋಸನ್ನು ಆಗಾಗ ಹಿಸುಕುತ್ತ, ಮಟ್ಟ ಇಳಿದಂತೆ ತುಂಬುತ್ತ ಇರಬೇಕು. ವಾಲ್ವ್ ತೆರೆದಾಗ ಮಟ್ಟ ಒಮ್ಮೆಲೇ ಕುಸಿಯುತ್ತದೆ, ಆಗ ಮತ್ತೆ ತುಂಬಿ ಕ್ಯಾಪ್ ಮುಚ್ಚಿ. ಫ್ಯಾನ್ ಎರಡು ಬಾರಿ ಶುರುವಾಗಿ ನಿಂತು, ಬ್ಲೋವರಿನಿಂದ ಒಂದೇ ಸಮನೆ ಬಿಸಿಗಾಳಿ ಬಂದರೆ ಗಾಳಿ ಹೋಗಿದೆ.

ಓಡಿಸಿ ನೋಡುವುದು

ದುರಸ್ತಿಯಾದ ಕಾರನ್ನು ಯಾವ ಸಂದರ್ಭದಲ್ಲಿ ಬಿಸಿಯಾಗುತ್ತಿತ್ತೋ ಅದೇ ಸಂದರ್ಭದಲ್ಲಿ ಪರೀಕ್ಷಿಸಬೇಕು. ನಿಂತಾಗ ಬಿಸಿಯಾಗುತ್ತಿದ್ದರೆ ಸಂತೆಯ ದಿನ ಮಧ್ಯಾಹ್ನ ಜನಸಂದಣಿಯ ರಸ್ತೆಯಲ್ಲಿ ಎಸಿ ಹಾಕಿಕೊಂಡು ಓಡಿಸಿ. ಏರಿನಲ್ಲಿ ಬಿಸಿಯಾಗುತ್ತಿದ್ದರೆ ಸ್ಕ್ಯಾನರ್ ಚುಚ್ಚಿಕೊಂಡು ಘಾಟು ಹತ್ತಿ, ಅಂಕಿ 105ರತ್ತ ಹೊರಟರೆ ತುದಿಯವರೆಗೆ ಹೋಗದೆ ನಿಲ್ಲಿಸಿ. ರಿಸರ್ವ್ ಟ್ಯಾಂಕಿನ ಮೇಲೆ ತಣ್ಣಗಿರುವಾಗಿನ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆದು, ಒಂದು ವಾರ ಪ್ರತಿದಿನ ಬೆಳಿಗ್ಗೆ ಇಂಜಿನ್ ಶುರು ಮಾಡುವ ಮುಂಚೆ ನೋಡಿ. ಮೊದಲೆರಡು ದಿನ ಉಳಿದ ಗಾಳಿ ಹೊರಹೋಗಿ ಮಟ್ಟ ತುಸು ಇಳಿಯಬಹುದು. ಆಮೇಲೆಯೂ ಇಳಿಯುತ್ತಿದ್ದರೆ ಒತ್ತಡದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಹೊಸ ಹೋಸ್ ಪೈಪ್ ಹಾಕಿದ್ದರೆ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಇಂಜಿನ್ ತಣ್ಣಗಿರುವಾಗ ಅದರ ಕ್ಲಾಂಪುಗಳನ್ನು ಇನ್ನೊಮ್ಮೆ ಬಿಗಿಯಬೇಕು.